ಕಳ್ಳಮಾಲಿನ ಡಬ್ಬ

“ಮೂಸಿ ನೋಡಿ ದಫೇದಾರ್ರೇ, ಈ ಬೋಳಿಮಗನ ಮೈಯೆಲ್ಲ ನನ್ನ ಪೆಟ್ರೋಲೇ ನಾರ್ತಿದೆ.”

ನಜರ್‌ಬಾದಿನ ಪೆಟ್ರೋಲ್ ಬಂಕಿನ ಯಜಮಾನ ದೊರೆಸ್ವಾಮಿ ತನ್ನ ಆಳು ಬೆಟ್ಟಯ್ಯನ ಕಾಲರು ಹಿಡಿದು ಮುಂದಕ್ಕೆ ನೂಕಿದ. ದಫೇದಾರ್ ಸದಾಶಿವಯ್ಯ ಕಾನೂನಿನ ಪ್ರಕಾರ ಮೂಸಿದ. ಎದೆ ಮೂಸಿ ತಲೆಯಾಡಿಸಿದ, ಕಂಕುಳು ಮೂಸಿ ಕೆಮ್ಮಿದ. ಹಗಲೆಲ್ಲ ಪಂಪಿನ ಹಿಡಿ ತಿರುಗಿಸಿ, ಪೈಪು ಕಟ್ಟಿಕೊಂಡಾಗ ಬಾಯಲ್ಲೇ ಎಳೆದು ಉಗುಳುವವನ ಮೈ ಮಲ್ಲಿಗೆಯಂತೆ ಘಮಘಮಿಸಲು ಸಾಧ್ಯವೇ?

ಪ್ರತಿ ಕಾರಿಗೂ ಹಾಕಿದ ಮೇಲೆ ಪೈಪಿನ ತುದಿಯಲ್ಲಿ ಉಳಿದ ತೊಟ್ಟುಗಳನ್ನು ಆಳುಗಳು ತಗಡಿನ ಡಬ್ಬಕ್ಕೆ ಬಸಿದುಕೊಳ್ಳುವುದು ಮೊದಲಿನಿಂದ ನಡೆದುಬಂದ ಪದ್ಧತಿ. ಸಂಜೆ ಅದರಲ್ಲೇ ಕೈಯ ಗ್ರೀಸು ತೊಳೆಯುತ್ತಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದು ಆರೇಳು ವರ್ಷವಾಗಿತ್ತು, ಬಂಕಿಗೆ ಮಾತ್ರ ಇನ್ನೂ ಸೋಪು ಬಂದಿರಲಿಲ್ಲ. ಮುದ್ದೆಯೂ ಪೆಟ್ರೋಲ್ ನಾರುತ್ತದೆಂದು ಹೆಂಡತಿ ಕೆಂಚಮ್ಮ ತಟ್ಟೆ ಕುಕ್ಕಿದ ಮೇಲೆ ಬೆಟ್ಟಯ್ಯ ಧಣಿಯ ಹತ್ತಿರ ಒಂದು ಸೋಪು ಕೇಳಿದ್ದ. ಕೇಳಿದ್ದೇ ತಪ್ಪಾಯಿತು. ಇವತ್ತು ಸೋಪು ಕೇಳಿದವನು ನಾಳೆ ಟವೆಲು ಕೇಳುತ್ತಾನೆಂದು ದೊರೆಸ್ವಾಮಿಗೆ ದಿಗಿಲು ಹುಟ್ಟಿತು. ಕೈ ತೊಳೆಯುವ ಡಬ್ಬ ಕಳ್ಳಮಾಲಾಯಿತು. ಅದರ ಬಾಯಿಗೆ ಬಟ್ಟೆ ಕಟ್ಟಿ ಅರಗಿನ ಸೀಲು ಒತ್ತಿದರು.

ಠಾಣೆಯಲ್ಲಿ ದಫೇದಾರ್ ಕಾನೂನು ತಿಳಿಸಿದ. ಹೊರಗಿನವನು ಕದ್ದರೆ ಮೂರು ವರ್ಷದವರೆಗೆ ಜೈಲು, ಆಳು ಧಣಿಯದ್ದು ಕದ್ದರೆ ಏಳು ವರ್ಷದವರೆಗೆ.

“ಅಂಗಾರೆ ಧಣಿ ಆಳಿಂದು ಕದ್ರೆ ಎಷ್ಟು ವರ್ಸ, ಸಾಮಿ?”

ಉತ್ತರ ಕಪಾಳಕ್ಕೆ ಬಿತ್ತು. ಬೆಟ್ಟಯ್ಯನಿಗೆ ಆ ಉರಿಗಿಂತ ಏಳು ವರ್ಷದ ಲೆಕ್ಕವೇ ಸುಟ್ಟಿತು. ಮೊಲೆಹಾಲು ಕುಡಿಯುವ ಮಗಳು ಅಷ್ಟರಲ್ಲಿ ಸ್ಕೂಲು ಸೇರಿರುತ್ತಾಳೆ, ಅಪ್ಪನ ಗುರುತೇ ಹಿಡಿಯುವುದಿಲ್ಲ.

ಕೋರ್ಟಿನ ದಿನ ಅವನನ್ನೂ ಸೀಲು ಹಾಕಿದ ಡಬ್ಬವನ್ನೂ ಪೊಲೀಸ್ ಜೀಪಿಗೆ ಹತ್ತಿಸಿದರು. ಸಾಕ್ಷಿ ಹೇಳಲು ದೊರೆಸ್ವಾಮಿಯೂ ಬಿಟ್ಟಿಯಾಗಿ ಮುಂದೆ ಕೂತ. ಅರ್ಧ ದಾರಿಯಲ್ಲಿ ಜೀಪು ಎರಡು ಸಲ ಬಿಕ್ಕಿ ನಿಂತಿತು. ಪೆಟ್ರೋಲ್ ಮುಗಿದಿತ್ತು. ಬೇಡಿ ಹಾಕಿದ ಕೈಯಲ್ಲೇ ಬೆಟ್ಟಯ್ಯನಿಂದ ತಳ್ಳಿಸಿದರು, ಧಣಿ ಕೂತಲ್ಲಿಂದಲೇ ಬೈದು ಹುರಿದುಂಬಿಸಿದ. ಏರು ಬಂದಾಗ ಅದೂ ಸಾಗಲಿಲ್ಲ. ಕೋರ್ಟಿಗೆ ಹೊತ್ತಾಗುತ್ತಿತ್ತು. ದಫೇದಾರ್ ಡಬ್ಬ ನೋಡಿದ, ದೊರೆಸ್ವಾಮಿ ದಫೇದಾರನ ಮುಖ ನೋಡಿದ. ಸೀಲು ಒಡೆದು ಕಳ್ಳಮಾಲನ್ನು ಜೀಪಿಗೆ ಸುರಿದರು. ಬೀದಿ ನಲ್ಲಿಯಲ್ಲಿ ಡಬ್ಬಕ್ಕೆ ನೀರು ಹಿಡಿದು, ಕಡ್ಡಿ ಗೀರಿ ಅರಗು ಕರಗಿಸಿ ಮತ್ತೆ ಸೀಲು ಒತ್ತಿದರು.

“ಕೋರ್ಟಲ್ಲಿ ಬಾಯಿ ಬಿಟ್ಟೀಯೆ ಮುಂಡೇದೆ, ಹಲ್ಲು ಉದುರಿಸ್ಬುಡ್ತೀನಿ” ಎಂದ ದಫೇದಾರ್.

ಕೋರ್ಟಿನಲ್ಲಿ ದೊರೆಸ್ವಾಮಿ ದೇವರ ಮೇಲೆ ಪ್ರಮಾಣ ಮಾಡಿದ. ಇದೇ ಡಬ್ಬ, ಒಳಗಿರುವುದು ತನ್ನದೇ ಪೆಟ್ರೋಲ್ ಎಂದ. ಸೀಲು ಹಾಕಿದ್ದು ಹಾಕಿದಂತೆಯೇ ಇದೆ ಎಂದು ದಫೇದಾರ್ ದನಿಗೂಡಿಸಿದ. ಮ್ಯಾಜಿಸ್ಟ್ರೇಟರು ಸೀಲು ಬಿಚ್ಚಿಸಿ, ದೂರದಿಂದಲೇ ಮೂಸಿ, ಮೂಗಿಗೆ ಕರ್ಚೀಫು ಒತ್ತಿಕೊಂಡರು. ಡಬ್ಬಕ್ಕೆ ಹಿಡಿದ ವಾಸನೆ ಅಷ್ಟು ಬೇಗ ಹೋಗುತ್ತದೆಯೇ? ಏನಾದರೂ ಹೇಳುವುದಿದೆಯೇ ಎಂದು ಅವರು ಬೆಟ್ಟಯ್ಯನನ್ನು ಕೇಳಿದರು.

“ಬಾಯ್ ಬುಟ್ರೆ ಹಲ್ ಉದುರಿಸ್ತೀನಿ ಅಂದವ್ರೆ ಸಾಮಿ, ಮಾತಾಡಕಿಲ್ಲ. ಜೀಪ್ ತಳ್ಳಿ ಬಾಯಾರೈತೆ, ಒಂದ್ ಗುಟುಕು ಕುಡ್ಕತೀನಿ.”

ಕಟಕಟೆಯಿಂದ ಬಗ್ಗಿ ಮೇಜಿನ ಮೇಲಿದ್ದ ಡಬ್ಬ ಎತ್ತಿ ಗಟಗಟ ಕುಡಿಯತೊಡಗಿದ. ಕೋರ್ಟಿಗೆ ಕೋರ್ಟೇ ಎದ್ದು ನಿಂತಿತು. ಗುಮಾಸ್ತ ಕುರ್ಚಿ ಹಾರಿ ಓಡಿದ, ವಕೀಲರೊಬ್ಬರು ಡಾಕ್ಟರನ್ನು ಕರೆಯಿರೆಂದು ಕೂಗಿದರು, ಬಾಗಿಲಲ್ಲಿದ್ದ ಜವಾನ ಬೀಡಿಯನ್ನು ತುಳಿದು ಆರಿಸಿದ. ಮ್ಯಾಜಿಸ್ಟ್ರೇಟರ ಕರ್ಚೀಫು ಕೈಜಾರಿ ಬಿತ್ತು.

ಕದಲದೆ ನಿಂತಿದ್ದವರು ಇಬ್ಬರೇ, ದೊರೆಸ್ವಾಮಿ ಮತ್ತು ದಫೇದಾರ್. ಮ್ಯಾಜಿಸ್ಟ್ರೇಟರು ಆ ಇಬ್ಬರ ಕಡೆಗೆ ನಿಧಾನವಾಗಿ ತಿರುಗಿದರು.

ಬೆಟ್ಟಯ್ಯ ಡಬ್ಬ ಬರಿದು ಮಾಡಿ, ಮೀಸೆ ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ ತೇಗಿದ.

“ತಣ್ಗೈತೆ ಧಣಿ ನಿಮ್ ಪೆಟ್ರೋಲು. ಇನ್ನೊಂದ್ ಡಬ್ಬ ಕೊಡ್ಸಿ.”