ಭೀಮೇಶ ಪಾರ್ಟು ಮಾಡಿದ ಸಿನಿಮಾ

ಗಂಡನ ಮೇಲಿನ ಅನುಮಾನ ಸರಿತಾಳಿಗೆ ತಾನಾಗಿ ಹುಟ್ಟಿದ್ದಲ್ಲ. ಅದನ್ನು ತಂದು ಅವಳ ತಲೆಗೆ ಹಾಕಿದವನು ಅಣ್ಣ ಮೌನಪ್ಪ.

ಅವಳ ಗಂಡ ಭೀಮೇಶ ಕೃಷ್ಣೆಯಲ್ಲಿ ಬಲೆ ಹಾಕುವವನು, ಮನೆ ಬೋನಾಳದಲ್ಲಿ. ಅವನು ಹಿಡಿದು ತಂದ ಮೀನನ್ನು ಬೈಕಿನ ಮೇಲೆ ಹೇರಿಕೊಂಡು ಹೋಗಿ ಸುರಪುರದಲ್ಲಿ ಮಾರುವವನು ಮೌನಪ್ಪ. ಇಬ್ಬರೂ ಸಣ್ಣಂದಿನಿಂದ ಗೆಳೆಯರು. "ತಂಗಿನ್ನ ಕೊಟ್ರ ಭೀಮೇಶಗೇ ಕೊಡೋದು" ಎಂದು ಹಟ ಹಿಡಿದು ಮದುವೆ ಮಾಡಿಸಿದವನೂ ಅವನೇ. ತನ್ನ ಮದುವೆಯ ಮಾತು ಬಂದರೆ ಮಾತ್ರ ಎದ್ದು ಹೋಗಿಬಿಡುತ್ತಿದ್ದ.

ಹೋದ ವರ್ಷ ಬೋನಾಳ ಕೆರೆಗೆ ಸಿನಿಮಾದವರು ಬಂದರು. ಹರಗೋಲು ನಡೆಸಬಲ್ಲ ಒಬ್ಬ ಆಳು ಅವರಿಗೆ ಬೇಕಿತ್ತು. ಹರಗೋಲಿಗೆಂದು ಹೋದ ಭೀಮೇಶನಿಗೆ ಕಡೆಗೆ ದೊಡ್ಡ ಪಾರ್ಟೇ ಸಿಕ್ಕಿತು. "ಏನ್ ಕತಿರಿ ಅದು?" ಎಂದು ಸರಿತಾ ಕೇಳಿದರೆ, "ಇಬ್ರು ದೋಸ್ತರ ಕತಿ" ಎಂದಷ್ಟೇ ಹೇಳಿ ಮಗ್ಗುಲು ಬದಲಿಸಿದ.

ಶೂಟಿಂಗ್ ಮುಗಿದ ಮೇಲೆ ಮೌನಪ್ಪ ಮನೆಯೊಳಗೆ ಕಾಲಿಡುವುದನ್ನೇ ಬಿಟ್ಟ. ಅಂಗಳದಲ್ಲೇ ನಿಂತು ಮೀನಿನ ಬುಟ್ಟಿ ಬಿಗಿದುಕೊಂಡು, ಭೀಮೇಶನ ಮುಖ ನೋಡದೆ ಹೊರಟುಬಿಡುತ್ತಿದ್ದ. ಒಂದು ದಿನ ಭೀಮೇಶ ಹೊಳೆಗೆ ಹೋದ ಹೊತ್ತು ನೋಡಿ ಬಂದ.

"ನಿನ್ನ ಗಂಡನ ಮ್ಯಾಲ ಒಂದ್ ಕಣ್ಣಿಡು."

"ಯಾಕಣ್ಣಾ? ಯಾರರ ಹೆಣ್ಮಗಳು..."

"ಹೆಣ್ಮಗಳಲ್ಲ. ಬಸಲಿಂಗ ಅಂತ ಕಲಬುರಗಿಯಂವ, ಅವನ ಜೋಡಿ ಪಾರ್ಟು ಮಾಡ್ಯಾನ. ಅದು ದೋಸ್ತರ ಕತಿ ಅಲ್ಲ. ಗಂಡಸು ಗಂಡಸನ್ನ ಪ್ರೀತಿ ಮಾಡೋ ಕತಿ. ಊರವರು ಅವರನ್ನ ಬಡಿದು ಓಡಿಸ್ತಾರ. ನಾ ದಂಡಿ ಮ್ಯಾಲ ನಿಂತು ಶೂಟಿಂಗ್ ನೋಡೀನಿ."

"ಸಿನಿಮಾದಾಗ ತಾನೇ? ಅದು ಆಕ್ಟಿಂಗ್."

"ಆಕ್ಟಿಂಗ್ ಮುಗಿದು ಎಷ್ಟು ದಿನ ಆತು? ಇನ್ನೂ ಫೋನ್ ಯಾಕ?"

ಅಂದಿನಿಂದ ಸರಿತಾಳ ಕಣ್ಣಿಗೆ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಫೋನ್ ಬಂದರೆ ಭೀಮೇಶ ಬೇವಿನ ಗಿಡದ ಕೆಳಗೆ ಹೋಗಿ ಮಾತಾಡುತ್ತಿದ್ದ. ಮೊದಲೂ ಹೋಗುತ್ತಿದ್ದ, ಆದರೆ ಅವಳು ಗಮನಿಸಿರಲಿಲ್ಲ. ಕುಡಿಯುವವನಲ್ಲ, ಕೈ ಎತ್ತುವವನಲ್ಲ, ಬೈದವನೂ ಅಲ್ಲ. ಎಂಥ ಗಂಡ ಸಿಕ್ಕಾನ ಎಂದು ನೆರೆಯವರು ಹೊಗಳುತ್ತಿದ್ದರು. ಹಾಸಿಗೆಯಲ್ಲಿ ದೂರ ಮಲಗುವುದನ್ನು ಅವಳು ದಣಿವೆಂದುಕೊಂಡಿದ್ದಳು. ಈಗ ಆ ಒಳ್ಳೆಯತನದ ಮೇಲೆಯೇ ಅವಳಿಗೆ ಸಂಶಯ ಬಂತು.

ಒಮ್ಮೆ ಅವನು ಸ್ನಾನಕ್ಕೆ ಹೋದಾಗ ಫೋನ್ ಹೊಡೆದುಕೊಂಡಿತು. ಅವಳೇ ಎತ್ತಿದಳು. "ಅಕ್ಕಾರ, ನಾ ಬಸಲಿಂಗ್ರಿ. ಶಹಾಪುರದಾಗ ಸಿನಿಮಾ ತೋರ್ಸಾಕತ್ತೇವಿ. ನೀವೂ ಬರ್ರಿ." ಹಿಂದೆ ಕೂಸು ಅಳುತ್ತಿತ್ತು, ಯಾವುದೋ ಹೆಂಗಸು ಅವನನ್ನು ಕೂಗುತ್ತಿದ್ದಳು. ಹೆಂಡತಿ ಮಕ್ಕಳಿದ್ದರೇನಾಯಿತು, ನನ್ನ ಗಂಡನಿಗೂ ಹೆಂಡತಿ ಇದ್ದಾಳಲ್ಲ ಎಂದು ಸರಿತಾ ಅಂದುಕೊಂಡಳು. ಆ ಫೋನಿನ ಮಾತನ್ನು ಅಣ್ಣನಿಗಷ್ಟೇ ಹೇಳಿದಳು.

ಸಿನಿಮಾದ ದಿನ ಭೀಮೇಶ, "ಯಾದಗಿರಿಗೆ ಹೋಗಿ ಹೊಸ ಬಲೆ ತರ್ತೀನಿ" ಎಂದು ಹೇಳಿ ಹೋದ. ಅವನು ಹೋದ ಬೆನ್ನಿಗೇ ಮೌನಪ್ಪನ ಬೈಕು ಬಂತು.

"ಸುಳ್ಳು ಹೇಳಿ ಶಹಾಪುರಕ್ಕ ಹೋಗ್ಯಾನ. ನಡಿ, ಕಣ್ಣಾರೆ ನೋಡು."

ಸಿನಿಮಾ ತೋರಿಸುತ್ತಿದ್ದ ಶಹಾಪುರದ ಸಭಾಭವನದಲ್ಲಿ ಹಿಂದಿನ ಸಾಲಿನಲ್ಲಿ ಇಬ್ಬರೂ ಕೂತರು. ಮುಂದುಗಡೆ ಭೀಮೇಶ, ಅವನ ಪಕ್ಕ ಬಸಲಿಂಗ, ಆಚೆಗೆ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡ ಅವನ ಹೆಂಡತಿ. ದೀಪಗಳು ಆರಿದವು. ಪರದೆಯ ಮೇಲೆ ತನ್ನ ಗಂಡ ಗೋಡೆಯಷ್ಟು ದೊಡ್ಡವನಾಗಿ ಕಂಡಾಗ ಸರಿತಾ ಮುಂದಕ್ಕೆ ಬಾಗಿ ಕೂತಳು. ಅವನ ಮಾತು ಗಿಣಿಪಾಠದಂತಿತ್ತು, ಸಿಟ್ಟು ಸುಳ್ಳು ಸಿಟ್ಟಿನಂತೆ ಕಾಣುತ್ತಿತ್ತು. ಇದು ಆಕ್ಟಿಂಗೇ, ಅದೂ ಕೆಟ್ಟ ಆಕ್ಟಿಂಗು ಎಂದು ಅವಳಿಗೆ ಸಮಾಧಾನವಾಯಿತು.

ಆಮೇಲೆ ಒಂದು ಊಟದ ಸೀನು ಬಂತು. ಕೆರೆಯ ದಂಡೆಯಲ್ಲಿ ಇಬ್ಬರೂ ರೊಟ್ಟಿ ಬಿಚ್ಚಿ ಕೂತಿದ್ದರು. ಭೀಮೇಶ ಮೀನಿನ ತುಂಡನ್ನು ಎರಡು ಬೆರಳ ನಡುವೆ ಹಿಡಿದು, ನಿಧಾನಕ್ಕೆ ಸವರುತ್ತ ಒಂದೊಂದೇ ಮುಳ್ಳು ತೆಗೆದ. ಮತ್ತೊಮ್ಮೆ ಸವರಿ ನೋಡಿ ಬಸಲಿಂಗನ ರೊಟ್ಟಿಯ ಮೇಲಿಟ್ಟ. ಮಾತಿರಲಿಲ್ಲ. ಆ ಕೈಗೆ ಯಾರೂ ಕಲಿಸಿಕೊಟ್ಟಂತಿರಲಿಲ್ಲ.

ಪಕ್ಕದಲ್ಲಿ ಮೌನಪ್ಪ ಉಸಿರಲ್ಲೇ ಅಂದ, "ಅದನ್ನೂ ಅವಂಗ ಕೊಟ್ನೇನು."

ಸರಿತಾ ತಿರುಗಿ ನೋಡಿದಳು. ಪರದೆಯ ಬೆಳಕಿನಲ್ಲಿ ಅಣ್ಣನ ಕೆನ್ನೆ ಒದ್ದೆಯಾಗಿತ್ತು.

ಸಣ್ಣವನಿದ್ದಾಗ ಮೌನಪ್ಪನ ಗಂಟಲಿಗೆ ಮುಳ್ಳು ಸಿಕ್ಕಿ ಜೀವ ಹೋಗಿ ಬಂದಂತಾಗಿತ್ತು. ಊರಿಗೆಲ್ಲ ಮೀನು ಮಾರುವ ಅವನು, ಅವ್ವ ಮುಳ್ಳು ತೆಗೆದು ಕೊಟ್ಟರಷ್ಟೇ ತಿನ್ನುತ್ತಿದ್ದ. ಬೇರೆ ಯಾರ ಕೈಯಿಂದಲೂ ಮುಟ್ಟುವುದಿಲ್ಲ ಎಂದೇ ಸರಿತಾ ಇಲ್ಲಿಯವರೆಗೆ ತಿಳಿದಿದ್ದಳು.

ಸಿನಿಮಾ ಹೇಗೆ ಮುಗಿಯಿತೆಂದು ಅವಳಿಗೆ ಗೊತ್ತಾಗಲಿಲ್ಲ. ಹೊರಗೆ ಮೆಟ್ಟಿಲ ಬಳಿ ಭೀಮೇಶ ಇವರಿಬ್ಬರನ್ನೂ ಕಂಡು ನಿಂತುಬಿಟ್ಟ.

"ಬಸಲಿಂಗ ಅಲ್ಲ, ಹೌದಿಲ್ರಿ?" ಎಂದಳು ಸರಿತಾ.

ಭೀಮೇಶ ಮೌನಪ್ಪನ ಕಡೆ ನೋಡಿದ. "ಅಲ್ಲ."

"ನಮ್ಮ ಲಗ್ನಕ್ಕಿಂತ ಮೊದಲಿಂದ?"

"ಹೂಂ."

ಅವಳು ಅಣ್ಣನ ಕಡೆ ತಿರುಗಿದಳು. "ಹಂಗಾರ ನನ್ನ ಯಾಕ ಕೊಡಿಸಿದಿ?"

ಮೌನಪ್ಪ ನೆಲ ನೋಡುತ್ತ ಹೇಳಿದ, "ಬ್ಯಾರೆ ಕಡಿ ಲಗ್ನ ಆಗಿದ್ರ ಅವ ದೂರ ಆಗ್ತಿದ್ದ. ನಿನಗೂ ಒಳ್ಳೆ ಮನಿ ಆಗ್ತದ ಅಂದ್ಕೊಂಡೆ."

"ನನ್ನ ಒಂದ್ ಮಾತರ ಕೇಳಿದ್ರೇನು, ನೀವಿಬ್ರೂ?"

ಅವಳು ಅಲ್ಲಿಂದಲೇ ಬಸ್ಸು ಹತ್ತಿ ಸುರಪುರಕ್ಕೆ, ತವರಿಗೆ ಹೋದಳು.

ಅವ್ವ ಮಾನಮ್ಮನಿಗೆ ಅವಳು ಏನನ್ನೂ ಹೇಳಲಿಲ್ಲ. ಹೇಳದೇ ಇದ್ದದ್ದಕ್ಕೆ ಅನುಮಾನವೆಲ್ಲ ಅವಳ ಮೇಲೆ ತಿರುಗಿತು. ದೇವರಂಥ ಗಂಡನನ್ನು ಬಿಟ್ಟು ಬಂದಿದ್ದಾಳೆಂದರೆ ಇವಳದೇ ಏನೋ ಇರಬೇಕು ಎಂದು ಪಕ್ಕದ ಮನೆಯ ಭೀಮವ್ವ ಬಾಯಿಬಿಟ್ಟೇ ಹೇಳಿದಳು. ಮಾನಮ್ಮನೂ ಮಗಳು ಅಂಗಡಿಗೆ ಹೋದರೆ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ಒಂದೇ ಮನೆಯಲ್ಲಿದ್ದೂ ಅಣ್ಣ ತಂಗಿ ಮಾತಾಡುತ್ತಿರಲಿಲ್ಲ. ಎಲ್ಲವನ್ನೂ ಕೇಳುತ್ತ ಮೌನಪ್ಪ ಸುಮ್ಮನೆ ಉಣ್ಣುತ್ತಿದ್ದ.

ಕಡೆಗೆ ಭೀಮೇಶನೇ ಬಂದ. ಒಳಗೆ ಬಾ ಎಂದರೂ ಬರದೆ ಹೊಸ್ತಿಲಲ್ಲೇ ಕೂತ.

"ಅತ್ತಿ, ಸರಿತಾಳದು ಏನೂ ತಪ್ಪಿಲ್ರಿ. ಸಿನಿಮಾದಾಗ ನಾ ಗಂಡಸನ್ನ ಪ್ರೀತಿ ಮಾಡೋನ ಪಾರ್ಟು ಮಾಡೀನಿ, ಖರೇನೂ ಹಂಗೇ ಅದೀನಿ. ಅಕಿಗೆ ಮೋಸ ಮಾಡೀನಿ. ಅಕಿ ಬಿಡುಗಡಿ ಕೇಳಿದ್ರ ಸಹಿ ಮಾಡ್ತೀನಿ."

ಮಾನಮ್ಮನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಮೇಲೆ ಕೇಳಿದಳು, "ಯಾರವ? ಯಾರ ಜೋಡಿ?"

"ಅದನ್ನ ಹೇಳಂಗಿಲ್ರಿ."

ಒಳಬಾಗಿಲಲ್ಲಿ ಮೌನಪ್ಪ ನಿಂತಿದ್ದ. ಸರಿತಾ ಅವನನ್ನೇ ನೋಡಿದಳು. ಅವಳು ಒಂದು ಮಾತಂದಿದ್ದರೆ ಸಾಕಿತ್ತು. ಅದು ಅವನೇ ಹೇಳಬೇಕಾದ ಮಾತು, ತಾನೇಕೆ ಹೊರಲಿ ಎಂದು ಸುಮ್ಮನಿದ್ದಳು.

ಭೀಮೇಶ ಎದ್ದು ಅತ್ತೆಗೆ ಕೈಮುಗಿದು ಹೊರಟ. ಅವನು ಓಣಿಯ ತಿರುವು ದಾಟುವಷ್ಟರಲ್ಲಿ ಮೌನಪ್ಪ ಬರಿಗಾಲಲ್ಲೇ ಹೊರಬಿದ್ದು ಅವನ ಹಿಂದೆ ಓಡಿದ.

ಮಾನಮ್ಮ ಗಾಬರಿಯಾದಳು. "ತಂಗಿ ಸಲುವಾಗಿ ಹೊಡಿಯಾಕ ಹೋದ ನೋಡು. ಹೋಗು, ತಡಿ ಅವನ್ನ."

"ಹೊಡಿಯಂಗಿಲ್ಲ ಬಿಡವ್ವ."

ಮಾನಮ್ಮ ಬಾಗಿಲ ಕಡೆಗೊಮ್ಮೆ, ಮಗಳ ಕಡೆಗೊಮ್ಮೆ ನೋಡಿದಳು. ಅವಳ ಹುಬ್ಬುಗಳು ನಿಧಾನಕ್ಕೆ ಕೂಡಿದವು.

"ಹೊಡಿಯಂಗಿಲ್ಲ ಅಂತ ನಿನಗ ಹ್ಯಾಂಗ ಗೊತ್ತು?"

ಸರಿತಾ ಬಾಗಿಲಲ್ಲಿ ಅಣ್ಣ ಬಿಟ್ಟು ಓಡಿದ್ದ ಚಪ್ಪಲಿಗಳನ್ನು ಜೋಡಿಸಿಟ್ಟಳು. ಅವ್ವ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.