ಫ್ಯಾನಿನ ದನಿ

"ಅದರ ದನಿ ಕಟ್ಟೈತ್ರಿ ಮೇಡಂ. ನೆಗಡಿ ಆದ್ಹಂಗ ಆಗೈತಿ, ಕೇಳ್ರಿ," ಎಂದು ಹಾಲಸ್ವಾಮಿ ಮಂಚದ ಮೇಲಿಂದಲೇ ಕೂಗಿದ.

ಹೊಸಿಲು ದಾಟಿದ ಯಶೋಧರಾ ಹೆಲ್ಮೆಟ್ ಕೂಡ ತೆಗೆಯದೆ ನಿಂತುಬಿಟ್ಟಳು. ದನಿ ಕೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ, ನೋಡುವುದೇ ಬೇಕಾದಷ್ಟಿತ್ತು. ಪಡಸಾಲೆಯ ಗೋಡೆಗಿದ್ದ ಸೋಲಾರ್ ಇನ್ವರ್ಟರಿನ ಹಣೆಗೆ ಮೂರು ಬೆರಳಿನ ವಿಭೂತಿ, ನಡುವೆ ರೂಪಾಯಿಯಗಲ ಕುಂಕುಮ, ಮೈತುಂಬ ಕನಕಾಂಬರದ ಮಾಲೆ. ಗಾಳಿಯಾಡಲೆಂದು ಪಕ್ಕದಲ್ಲಿ ಬಿಟ್ಟಿದ್ದ ಸೀಳುಗಳಲ್ಲಿ ಎರಡು ಊದಿನಕಡ್ಡಿ ಸಿಕ್ಕಿಸಿದ್ದರು. ಹೊಗೆ ಹೊರಗೆ ಬರುವ ಬದಲು ನೆಟ್ಟಗೆ ಒಳಗೆ ಹೋಗುತ್ತಿತ್ತು.

ಹೊಸಪೇಟೆಯ ಸೋಲಾರ್ ಅಂಗಡಿಯೊಂದರಲ್ಲಿ ರಿಪೇರಿ ಕೆಲಸ ಅವಳದು. ಸಂಡೂರಿನ ಈ ಮನೆಗೆ ಇದು ನಾಲ್ಕನೆಯ ಸಲ. ಹಿಂದೆಲ್ಲ ಫೋನ್ ಮಾಡಿಯೇ ಬರುತ್ತಿದ್ದಳು. ಇವತ್ತು ಯಾರೂ ಕರೆದಿರಲಿಲ್ಲ. ಹದಿನೈದು ದಿನದ ಹಿಂದೆ ಹೊಸ ಫ್ಯಾನ್ ಹಾಕಿ ಹೋದವಳಿಗೆ ಯಾಕೋ ಸಮಾಧಾನವಿರಲಿಲ್ಲ. ಪಕ್ಕದ ಓಣಿಯಲ್ಲಿ ಕೆಲಸ ಮುಗಿದದ್ದೇ ಸ್ಕೂಟರನ್ನು ಈ ಕಡೆ ತಿರುಗಿಸಿದ್ದಳು. ಪುಣ್ಯಕ್ಕೆ ಫೋನ್ ಮಾಡುವುದನ್ನು ಮರೆತಿದ್ದಳು.

ಹಾಲಸ್ವಾಮಿ ಅದಿರಿನ ಟಿಪ್ಪರ್ ಓಡಿಸುತ್ತಿದ್ದವನು. ಎರಡು ವರ್ಷದ ಹಿಂದೆ ಗುಡ್ಡದ ತಿರುವಿನಲ್ಲಿ ಗಾಡಿ ಮಗುಚಿತು. ಸೊಂಟದಿಂದ ಕೆಳಗೆ ಅವನಿಗೀಗ ಏನೂ ಗೊತ್ತಾಗುವುದಿಲ್ಲ. ಮಲಗಿ ಮಲಗಿ ಬೆನ್ನ ಬುಡದಲ್ಲಿ ಹುಣ್ಣಾಯಿತು. ಡಾಕ್ಟರು ಗಾಳಿ ಹಾಸಿಗೆ ಬರೆದುಕೊಟ್ಟರು. ಸಣ್ಣ ಪಂಪೊಂದು ಅದರ ಮಡಿಕೆಗಳಿಗೆ ಸರದಿಯಂತೆ ಗಾಳಿ ತುಂಬುತ್ತದೆ, ಬಿಡುತ್ತದೆ. ಮೈಯ ಭಾರ ಒಂದೇ ಕಡೆ ಕೂರಲು ಬಿಡುವುದಿಲ್ಲ. ಕರೆಂಟ್ ಹೋಯಿತೋ, ಹಾಸಿಗೆ ಚಪ್ಪಟೆ. ಆ ಓಣಿಯಲ್ಲೋ ಹಗಲು ಕರೆಂಟ್ ಇದ್ದರೇ ವಿಶೇಷ. ಹಾಗಾಗಿ ಸೋಲಾರ್ ಬಂತು, ಮೂರು ತಿಂಗಳಲ್ಲಿ ಹುಣ್ಣು ಮಾಯಿತು. ಎಲ್ಲ ಹಾಸಿಗೆಯ ಪುಣ್ಯ ಅಂದರು ಡಾಕ್ಟರು. ಹಾಸಿಗೆಗೆ ಉಸಿರು ಕೊಡುತ್ತಿರುವವರು ಯಾರು ಎಂದು ಅವನ ಹೆಂಡತಿ ಸಂಗಮ್ಮ ಯೋಚಿಸಿದಳು. ಅವಳ ಯೋಚನೆಯಲ್ಲಿ ತಪ್ಪೇನಿತ್ತು?

ಈ ಬೇಸಿಗೆಯಲ್ಲಿ ಇನ್ವರ್ಟರ್ ಕೈಕೊಡತೊಡಗಿತು. ವಾರಕ್ಕೊಮ್ಮೆಯಾದರೂ ನಡುಮಧ್ಯಾಹ್ನ ಕೆಂಪು ದೀಪ ಹತ್ತಿ ಬಂದ್. ಮೊದಲ ಸಲ ಬಂದಾಗ ಯಶೋಧರಾ ಬ್ಯಾಟರಿಯ ವೈರುಗಳ ತುದಿಗೆ ಹಿಡಿದಿದ್ದ ಕಿಲುಬು ತಿಕ್ಕಿ, ನೀರು ತುಂಬಿದಳು. ಎರಡನೆಯ ಸಲ ಮಾಳಿಗೆ ಹತ್ತಿ ಪ್ಯಾನೆಲ್ ತೊಳೆದಳು. ಮೂರನೆಯ ಸಲ ಮುಚ್ಚಳ ಬಿಚ್ಚಿ ನೋಡಿದರೆ ಒಳಗಿನ ಫ್ಯಾನು ಕೆಂಪಗೆ ಮೆತ್ತಿಕೊಂಡು ತಿರುಗಲಾರದೆ ಕೂತಿತ್ತು. "ಗಣಿ ಧೂಳು" ಅಂದಳು. ಎಲ್ಲರೂ ಹೌದು ಹೌದು ಅಂದರು. ಸಂಡೂರಿನಲ್ಲಿ ಬೇವಿನೆಲೆ ಕೆಂಪು, ಎಮ್ಮೆಯ ಬೆನ್ನು ಕೆಂಪು, ಒಣಹಾಕಿದ ಪಂಚೆ ಕೆಂಪು. ಗಣಿಯ ಮೇಲೆ ತಪ್ಪು ಹೊರಿಸಿದರೆ ಗಣಿಯೇನು ಜಗಳಕ್ಕೆ ಬರುತ್ತದೆಯೇ?

ಹಾಸಿಗೆ ಇಳಿದ ಮಧ್ಯಾಹ್ನಗಳಲ್ಲಿ ಸಂಗಮ್ಮ ಒಬ್ಬಳೇ ಗಂಡನನ್ನು ಗಳಿಗೆಗೊಮ್ಮೆ ಹೊರಳಿಸುತ್ತಿದ್ದಳು. ಆದರೂ ಮಾಯ್ದ ಜಾಗದಲ್ಲೇ ಚರ್ಮ ಮತ್ತೆ ಕೆಂಪಾಗಿತ್ತು. ಇನ್ನೊಮ್ಮೆ ಹುಣ್ಣು ಬಾಯಿಬಿಟ್ಟರೆ ಜೀವಕ್ಕೇ ಕಷ್ಟ ಎಂದಿದ್ದರು ಡಾಕ್ಟರು. ಹೋದ ಸಲ ಆ ಗುರುತನ್ನು ಸಂಗಮ್ಮ ತೋರಿಸಿದಾಗಿನಿಂದಲೇ ಯಶೋಧರಾಳಿಗೆ ನೆಮ್ಮದಿಯಿರಲಿಲ್ಲ.

"ಅಯ್ಯ ಶಿವನೇ! ಫೋನ್ ಮಾಡ್ಲಾರ್ದ ಬಂದ್ಯಲ್ಲ ತಂಗಿ!" ಹಿತ್ತಲಿನಿಂದ ಬಂದ ಸಂಗಮ್ಮ ಕೊಡ ಇಳಿಸಿ ಓಡಿಬಂದಳು. ಮಾಲೆ ಕಿತ್ತು, ಊದಿನಕಡ್ಡಿ ಎಳೆದು, ಸೆರಗಿನಿಂದ ಒರೆಸತೊಡಗಿದಳು. "ನೀ ಬರ್ತೀ ಅಂದ್ರ ಮೊದ್ಲ ಒರಸಿ ಇಟ್ಟಿರ್ತಿದ್ದೆ. ಕಂಪ್ನೇರು ನಗ್ತಾರಂತ. ನಗಬ್ಯಾಡವ್ವ."

"ನಗಂಗಿಲ್ಲ ಅಕ್ಕ. ದಿನಾ ಹಿಂಗ ಮಾಡ್ತೀರೇನ್ರಿ?"

"ದಿನಾ ಒಂದು ಬೊಟ್ಟು. ಶುಕ್ರವಾರ ಮಾತ್ರ ಮ್ಯಾಲಿಂದ ನೂರೆಂಟು ಚಿಟಿಗಿ ಕುಂಕುಮ. ಈ ಬ್ಯಾಸಿಗ್ಯಾಗ ಶುರು ಮಾಡೀನಿ. ಭಾಳ ಉಪಕಾರ ಮಾಡೈತವ್ವ ಅದು, ನಾವು ಮರೀಬಾರ್ದು."

ಯಶೋಧರಾ ಸ್ವಿಚ್ ಆರಿಸಿದಳು. ಮುಚ್ಚಳದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದಳು. ಹದಿನೈದೇ ದಿನದ ಫ್ಯಾನು, ಆಗಲೇ ಅದರ ರೆಕ್ಕೆಗಳಿಗೆ ಹೊಗೆಯ ಜಿಡ್ಡು, ಜಿಡ್ಡಿನ ಮೇಲೆ ಕೆಂಪು. ಬೆರಳಿನಿಂದ ಕೆರೆದು ಬೆವರಿದ ಅಂಗೈಯಲ್ಲಿ ತಿಕ್ಕಿದಳು. ಅದಿರಿನ ಧೂಳಾಗಿದ್ದರೆ ಇಟ್ಟಿಗೆಯ ಬಣ್ಣ ಬರಬೇಕಿತ್ತು. ಅಂಗೈ ಕೆಂಪಗೆ ಬೆಳಗಿತು, ಊದಿನಕಡ್ಡಿಯ ವಾಸನೆ ಬಂತು. ಮುಷ್ಟಿ ಮುಚ್ಚಬೇಕೆಂದುಕೊಂಡಳು. ಅಷ್ಟರಲ್ಲಿ ಸಂಗಮ್ಮ ನೋಡಿಬಿಟ್ಟಿದ್ದಳು.

"ಅದಿರಿನ ಧೂಳು ಇಷ್ಟು ಚಂದ ಇರಂಗಿಲ್ಲ," ಎಂದಳು ಮೆಲ್ಲಗೆ. ಆಮೇಲೆ, "ಅಂದ್ರ ನನ್ನ ಕೈಲೇನ ಆತೇನು ತಂಗಿ? ಇವರ ಬೆನ್ನು ಕೆಂಪಾಗಿದ್ದು..."

ಅಲ್ಲ ಅಂದುಬಿಡುವುದು ಸುಲಭವಿತ್ತು. ಅಲ್ಲ ಅಂದರೆ ಮುಂದಿನ ಶುಕ್ರವಾರ ಮತ್ತೆ ನೂರೆಂಟು ಚಿಟಿಕೆ.

"ಹೌದ್ರಿ ಅಕ್ಕ. ಅದು ಉಸಿರಾಡೋ ಜಾಗ. ಮುಚ್ಚಿದ್ರ ಒಳಗ ಕಾವು ಏರಿ ತಾನ ಬಂದ್ ಆಗ್ತೈತಿ. ಆದ್ರ ನಿಮ್ಮೊಬ್ಬರ ತಪ್ಪಲ್ರಿ. ಹೋದ ಸಲ ಇದನ್ನ ಕಣ್ಣಾರೆ ನೋಡಿ ಗಣಿ ಧೂಳು ಅಂದಾಕಿ ನಾನು. ನಿಮ್ಮನ್ನ ಒಂದು ಮಾತು ಕೇಳ್ಲಿಲ್ಲ."

ಸಂಗಮ್ಮ ಗೋಡೆಗೊರಗಿ ಕುಸಿದು ಕೂತಳು. ಸೆರಗು ಬಾಯಿಗೆ ತುರುಕಿಕೊಂಡು ಸದ್ದಿಲ್ಲದೆ ಅತ್ತಳು. ಮಂಚದ ತಲೆಭಾಗ ಆ ಗೋಡೆಯ ಕಡೆಗಿತ್ತು; ಹಿಂದೆ ಕೂತವಳು ಹಾಲಸ್ವಾಮಿಗೆ ಕಾಣುತ್ತಿರಲಿಲ್ಲ. "ಲೇ ಸಂಗೀ," ಎಂದು ಕರೆದ.

ಯಶೋಧರಾ ಸಣ್ಣ ಬ್ರಷ್ಷಿನಿಂದ ಒಂದೊಂದು ರೆಕ್ಕೆಯನ್ನೂ ಉಜ್ಜಿದಳು. ಸೀಳುಗಳಲ್ಲಿ ಸಿಕ್ಕಿದ್ದ ಹೂವಿನ ಎಸಳು, ದಾರದ ಎಳೆ, ಮುರಿದ ಕಡ್ಡಿಯ ಚೂರು ಎಲ್ಲ ಕಿತ್ತಳು. ಮುಚ್ಚಳ ಕೂರಿಸಿ ಸ್ವಿಚ್ ಒತ್ತಿದಳು. ಹಸಿರು ದೀಪ ಹತ್ತಿತು. ಫ್ಯಾನು ಒಂದೇ ಉಸಿರಿಗೆ ಓಡಿತು. ಮಂಚದ ಬದಿಯ ಪಂಪು ಗುರ್ ಎಂದು, ಹಾಸಿಗೆ ಹಾಲಸ್ವಾಮಿಯ ಹೆಗಲ ಕೆಳಗೆ ಮೆಲ್ಲಗೆ ಏರಿತು.

"ಹಾಂ! ದನಿ ಬಿಡ್ತು ನೋಡು! ಶೋರೂಮಿನಾಗಿಂದ ಇಳದ ಗಾಡಿ ಇದ್ದಂಗ ಐತಿ," ಎಂದ ಅವನು.

ಸಂಗಮ್ಮ ಕಣ್ಣೊರೆಸಿಕೊಂಡು ಎದ್ದಳು. ಇನ್ವರ್ಟರಿನ ಕೆಳಗಿಟ್ಟಿದ್ದ ಕುಂಕುಮದ ಭರಣಿಯನ್ನು ಕೈಗೆತ್ತಿಕೊಂಡಳು. "ಮತ್ತ ಇದನ್ನ ಯಾರಿಗೆ ಇಡ್ಲಿ? ಮ್ಯಾಲೆ ಪ್ಯಾನೆಲ್ಲಿಗೆ ಇಡ್ಲೇನು?"

"ಅಯ್ಯೋ, ಬಿಸಿಲು ತಡೀತೈತ್ರಿ ಅಕ್ಕ."

"ಬ್ಯಾಟ್ರಿಗೆ?"

"ಅದಕ್ಕಂತೂ ಬ್ಯಾಡ್ರೀ!"

"ನನಗ ಹಚ್ಚು," ಎಂದ ಹಾಲಸ್ವಾಮಿ. "ನನಗೇನು ಫ್ಯಾನಿಲ್ಲ. ಅದಕ್ಕ ದಿನಾ ಪೂಜಿ, ನನಗ ಬರೇ ಗಂಜಿ. ಇದ್ಯಾವ ನ್ಯಾಯ?"

ಅಳುವಿನ ನಡುವೆಯೇ ಸಂಗಮ್ಮನಿಗೆ ನಗು ಬಂತು. ಹೋಗಿ ಅವನ ಹಣೆಗೆ ಒಂದು ಬೊಟ್ಟಿಟ್ಟಳು. ಅವನು ಅವಳ ಕೈ ಹಿಡಿದುಕೊಂಡ.

"ಅದು ಬಂದ್ ಆದಾಗೆಲ್ಲ ನನ್ನ ಹೊಳ್ಳಿಸಿದಾಕಿ ನೀನು. ನಾ ಉಳದಿದ್ದು ನಿನ್ನಿಂದ. ನಿನ್ನ ಹಣಿಗೂ ಒಂದೀಟು ಹಚ್ಕೋ," ಎಂದ.

ಯಶೋಧರಾ ಸಾಮಾನಿನ ಚೀಲ ಕಟ್ಟುವ ನೆವದಲ್ಲಿ ಆಚೆ ತಿರುಗಿದಳು.

ಹೊರಡುವಾಗ ಸಂಗಮ್ಮ ರೂಢಿಯಂತೆ ಭರಣಿ ಹಿಡಿದು ಬಾಗಿಲಿಗೆ ಬಂದವಳು ಥಟ್ಟನೆ ನೆನಪಾಗಿ ಸೆರಗಿನೊಳಗೆ ಮರೆಮಾಡಿದಳು. ಹಿಂದಿನ ಮೂರು ಸಲವೂ ಯಶೋಧರಾ, "ನಾವು ಬುದ್ಧನ್ನ ನಂಬೋರು ಅಕ್ಕ, ಹಚ್ಕೊಳಂಗಿಲ್ಲ" ಎಂದು ಕೈಮುಗಿದಿದ್ದಳು. ಮನೆಗೆ ಬಂದ ಹೆಣ್ಣುಮಗಳನ್ನು ಹಾಗೇ ಕಳಿಸಿದೆನಲ್ಲಾ ಎಂದು ಸಂಗಮ್ಮ ಮೂರು ಸಲವೂ ಸಂಜೆವರೆಗೆ ಕೊರಗಿದ್ದಳು.

ಯಶೋಧರಾ ಅಂಗೈ ಬಿಡಿಸಿ ತೋರಿಸಿದಳು. ರೇಖೆ ರೇಖೆಗೂ ಕೆಂಪು ಇಳಿದಿತ್ತು. "ಈ ಸಲ ಹಚ್ಚೇ ಕಳ್ಸಾಕತ್ತೀರಲ್ರಿ ಅಕ್ಕ."

"ಅಯ್ಯ, ತಡಿಯವ್ವ, ನೀರು ತರ್ತೀನಿ. ತೊಳ್ಕೊಂಡು ಹೋಗು."

"ಇರ್ಲಿ ಬಿಡ್ರಿ," ಎಂದಳು ಯಶೋಧರಾ.

ಒಳಗೆ ಪಂಪು ಒಂದು ಮಡಿಕೆಯ ಗಾಳಿ ಬಿಟ್ಟು ಇನ್ನೊಂದಕ್ಕೆ ತುಂಬುತ್ತಿತ್ತು. ಸ್ಕೂಟರ್ ಓಣಿಯ ತುದಿ ಮುಟ್ಟಿದಾಗ ಅದಿರಿನ ಟಿಪ್ಪರೊಂದು ಧೂಳೆಬ್ಬಿಸಿಕೊಂಡು ಎದುರಿಗೆ ಬಂತು. ಯಶೋಧರಾ ಬದಿಗೆ ನಿಂತು, ಧೂಳು ತಾಕದಂತೆ ಅಂಗೈ ಮಡಚಿ ಹಿಡಿದಳು.