ತಾಮ್ರದ ಗಂಡು

ನಮ್ಮ ಬಾಂಗ್ ರಕಾಮ್ ಕಡೆ ಒಂದೇ ಬೀಜ ಇಳಿದ ಗಂಡಿಗೆ, ನಾಯಿಯಾಗಲಿ ಮನುಷ್ಯನಾಗಲಿ, ತಾಮ್ರ ಅನ್ನುತ್ತಾರೆ. ಅಂಥದ್ದು ಮನೆಗೆ ಅದೃಷ್ಟ, ಅದರ ಮೈಗೆ ಕತ್ತಿಯೂ ನಾಟುವುದಿಲ್ಲ ಎಂಬ ನಂಬಿಕೆ. ಅದಕ್ಕೇ ನನ್ನ ಗಂಡ ಸೊಮ್‌ನುಕ್ ತಾಮ್ರವೇ ಆಗಿದ್ದ ನಮ್ಮ ನಾಯಿ ಮೋಕ್‌ಗೆ ಎಂಟು ವರ್ಷ ಆಪರೇಷನ್ ಮಾಡಿಸಲು ಬಿಡಲಿಲ್ಲ. ಅದು ಅನ್ನ ಬಿಟ್ಟು, ಹೊಟ್ಟೆ ಊದಿಸಿಕೊಂಡು ಮಲಗಿದ ಮೇಲೆ ನಾನೇ ಜಗಳವಾಡಿ ಪಶುವೈದ್ಯೆಯ ಬಳಿಗೆ ಹೊರಡಿಸಿದೆ.

ಒಳಗೆ ಆಪರೇಷನ್ ನಡೆಯುತ್ತಿತ್ತು. ಹೊರಗೆ ನಾನು ಬಾಗಿಲನ್ನೇ ನೋಡುತ್ತಾ ಕೂತಿದ್ದೆ. ಈ ಮಹಾರಾಯನ ಬಾಯಿಗೆ ಮಾತ್ರ ಬಿಡುವಿಲ್ಲ.

"ಮನೆ ಅದೃಷ್ಟಾನೇ ಕುಯ್ಸಿ ಹಾಕ್ತಿದ್ದೀಯ ಕಣೇ. ನಾನೂ ತಾಮ್ರಾನೇ ಅಲ್ವಾ? ಐವತ್ತಾಯ್ತು, ಏನಾಗಿದೆ ನಂಗೆ?"

"ಬಾಯ್ಮುಚ್ಕೊಂಡು ಕೂತ್ಕೊಳ್ರೀ, ಜನ ಇದಾರೆ."

ವೈದ್ಯೆ ತಟ್ಟೆ ಹಿಡಿದು ಬಂದರು. ಅದರಲ್ಲಿ ಮಾವಿನಕಾಯಿ ಗಾತ್ರದ ಗಡ್ಡೆಯಿತ್ತು.

"ಇಳೀದೇ ಉಳಿದಿದ್ದ ಬೀಜ ಇದೇ. ಹುಟ್ಟಿದಾಗಿಂದ ಹೊಟ್ಟೆ ಒಳಗೇ ಇದ್ದು ಹೀಗಾಗಿದೆ. ನಾಯಿ ಬದುಕತ್ತೆ. ಮರಿಯಾಗಿದ್ದಾಗ್ಲೇ ತಂದಿದ್ರೆ ಇಷ್ಟಾಗ್ತಿರ್ಲಿಲ್ಲ."

ನಾನು ಕೈಮುಗಿದೆ. ಗಂಡ ತಟ್ಟೆಯನ್ನೇ ನೋಡುತ್ತಿದ್ದ.

"ಡಾಕ್ಟ್ರೇ, ಇದು ನಾಯಿಗಳಿಗೆ ಮಾತ್ರ ಆಗೋದಾ?"

ವೈದ್ಯೆ ಅವನ ಮುಖವನ್ನೊಮ್ಮೆ ನೋಡಿದರು. "ಮನುಷ್ಯರ ಡಾಕ್ಟ್ರನ್ನ ಕೇಳಿ. ಬೇಗ ಕೇಳಿ."

ಮೋಕ್‌ನನ್ನು ಅಲ್ಲೇ ಬಿಟ್ಟು ಹೊರಟೆವು. ನಮ್ಮ ಓಣಿ ಬಂತು, ಬೈಕು ತಿರುಗಲಿಲ್ಲ. ಜಿಲ್ಲಾ ಆಸ್ಪತ್ರೆಯ ದಾರಿ ಹಿಡಿಯಿತು. ಕತ್ತಿ ನಾಟದ ಆ ಮೈ ನಡುಗುತ್ತಿರುವುದು ಅವನ ಸೊಂಟ ಹಿಡಿದಿದ್ದ ನನ್ನ ಕೈಗೆ ತಿಳಿಯುತ್ತಿತ್ತು.